ಒಂದು ಸರ್ವರ್, ನಲವತ್ತು ಸೈಟು, ಓಡ್ತಿರೋ ಸ್ಕ್ರಿಪ್ಟ್ ಯಾರದ್ದು? ಒಂದು ಪ್ರಕರಣ ಅಧ್ಯಯನ

ಇದು ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿರೋ ಸಣ್ಣ ವೆಬ್ ಡಿಸೈನ್ ಆಫೀಸಿನ ಕೇಸು. ಊರು, ಆಫೀಸು, ಗಿರಾಕಿಗಳ ಹೆಸರು ಯಾವ್ದೂ ಹೇಳಲ್ಲ, ಗುರುತು ಸಿಗೋ ಒಂದೆರಡು ವಿವರ ಬೇಕಂತ್ಲೇ ಬದಲಾಯಿಸಿದೀನಿ, ಟೆಕ್ನಿಕಲ್ ಭಾಗ ಮಾತ್ರ ಇದ್ದ ಹಾಗೇ ಇದೆ. ಇದೇ ಥರ ಒಂದೇ ಸರ್ವರಲ್ಲಿ ಹತ್ತಾರು ಸೈಟ್ ಇಟ್ಕೊಂಡು ಒದ್ದಾಡ್ತಿರೋರು ತುಂಬಾ ಜನ ಇದ್ದಾರೆ, ಅವ್ರಿಗೆ ಉಪಯೋಗ ಆಗ್ಲಿ ಅಂತ ಸ್ವಲ್ಪ ಬಿಡಿಸಿ ಬರೀತಿದೀನಿ.

ಹಿನ್ನೆಲೆ

ಆಫೀಸು ಅಂದ್ರೆ ಓನರ್ ಒಬ್ರು, ಫೋನ್ ಎತ್ತೋಕೆ ಮತ್ತೆ ಸಣ್ಣಪುಟ್ಟ ರಿಪೇರಿಗೆ ಒಬ್ಬ ಸಪೋರ್ಟ್ ಹುಡುಗ, ಬಾಕಿ ಕೋಡಿಂಗ್ ಕೆಲ್ಸಕ್ಕೆಲ್ಲ ಹೊರಗಿನ ಫ್ರೀಲ್ಯಾನ್ಸರ್‌ಗಳು. ತಿಂಗಳ ಬಾಡಿಗೆಗೆ ಒಂದು ವಿಪಿಎಸ್ (ದೊಡ್ಡ ಸರ್ವರಿನ ಒಂದು ಪಾಲು), ಅದ್ರಲ್ಲಿ ಉಬುಂಟು ಅನ್ನೋ ಲಿನಕ್ಸ್, ಪೇಜ್ ಕೊಡೋ ವೆಬ್ ಸರ್ವರ್ ಅಪಾಚೆ, ಸೈಟಿನ ಸ್ಕ್ರಿಪ್ಟ್ ಓಡಿಸೋ ಪಿಎಚ್‌ಪಿ, ಡೇಟಾಬೇಸಿಗೆ ಮೈಎಸ್‌ಕ್ಯುಎಲ್, ಅದರ ಮೇಲೆ ನಲವತ್ತು ಚಿಲ್ಲರೆ ಸೈಟು. ಶಾಲೆಗಳು, ಒಂದು ಪತ್ತಿನ ಸೊಸೈಟಿ, ಒಂದು ಅಡಿಕೆ ಮಂಡಿ, ಸೇವೆ ಬುಕ್ ಮಾಡೋ ದೇವಸ್ಥಾನದ ಸೈಟು, ಒಂದು ಲೋಕಲ್ ನ್ಯೂಸ್ ಸೈಟು, ಉಳಿದಿದ್ದೆಲ್ಲ ಅಂಗಡಿ ಡಾಕ್ಟ್ರು ವಕೀಲ್ರು. ಮುಕ್ಕಾಲು ಪಾಲು ವರ್ಡ್‌ಪ್ರೆಸ್, ಒಂದಷ್ಟು ಯಾರೋ ಯಾವಾಗ್ಲೋ ಕೈಯಲ್ಲಿ ಬರೆದ ಪಿಎಚ್‌ಪಿ.

ಸೆಟಪ್ ಹೆಂಗಿತ್ತು ಅನ್ನೋದೇ ಈ ಕೇಸಿನ ಮೂಲ. ಅಪಾಚೆ ಪ್ರೀಫೋರ್ಕ್ ಮೋಡಲ್ಲಿ, ಅಂದ್ರೆ ಒಂದೊಂದು ರಿಕ್ವೆಸ್ಟಿಗೂ ಒಂದೊಂದು ಪ್ರೋಸೆಸ್ (ಓಡ್ತಿರೋ ಪ್ರೋಗ್ರಾಮ್, ಅಪಾಚೆ ಮಾತಲ್ಲಿ ವರ್ಕರ್), ಪಿಎಚ್‌ಪಿ ಅದರ ಹೊಟ್ಟೆಯೊಳಗೇ ಮಾಡ್ಯೂಲ್ ಆಗಿ. ಹಂಗಿದ್ರೆ ನಲವತ್ತು ಸೈಟಿನ ಸ್ಕ್ರಿಪ್ಟೂ ಒಂದೇ ಲಿನಕ್ಸ್ ಯೂಸರ್ ಹೆಸರಲ್ಲಿ ಓಡುತ್ತೆ, ಅಪಾಚೆ ಯಾವ ಯೂಸರಲ್ಲಿದ್ಯೋ ಅದೇ, ಇಲ್ಲಿ ಅದನ್ನ ವೆಬ್ ಯೂಸರ್ ಅಂತ ಕರೀತೀನಿ. ಹಳೇ ಕಾಲದ ವಠಾರದಲ್ಲಿ ಎಂಟು ಮನೆಗೂ ಸೇರಿ ಒಂದೇ ಕರೆಂಟ್ ಮೀಟರ್ ಇರ್ತಿತ್ತಲ್ಲ, ಬಿಲ್ ಜಾಸ್ತಿ ಬಂದಾಗ ಎಲ್ರೂ ಎಲ್ರನ್ನೂ ಅನುಮಾನದಿಂದ ನೋಡೋದು, ಅದೇ ಪರಿಸ್ಥಿತಿ. ಅದರ ಮೇಲೆ ಎಲ್ಲಾ ಫ್ರೀಲ್ಯಾನ್ಸರ್‌ಗಳಿಗೂ ಫೈಲ್ ಹಾಕೋಕೆ ಒಂದೇ ಎಫ್‌ಟಿಪಿ ಲಾಗಿನ್ನು.

ತೊಂದರೆ ಏನು

ದಿನಾ ಎರಡು ಹೊತ್ತು ಕಾಟ. ಮಧ್ಯಾಹ್ನ ಒಂದಷ್ಟು ಹೊತ್ತು ಸೈಟುಗಳೆಲ್ಲ ಲೋಡ್ ಆಗ್ತಾ ಆಗ್ತಾ ನಿಂತುಬಿಡೋವು, ರಾತ್ರಿ ಹತ್ತರ ಮೇಲೆ ಇನ್ನೊಂದ್ಸಲ ಎಲ್ಲಾ ನಿಧಾನ. ಎರಡೂ ಒಂದೇ ರೋಗ ಅಂತ ಎಲ್ರೂ ಅಂದ್ಕೊಂಡಿದ್ರು, ಅದು ಎರಡು ಬೇರೆ ಬೇರೆ ರೋಗ ಅಂತ ಗೊತ್ತಾಗೋಕೇ ಬಹಳ ಕಾಲ ಹಿಡೀತು.

ಅವ್ರ ಹತ್ರ ಇದ್ದ ಒಂದೇ ಮಾನಿಟರಿಂಗು ಅಂದ್ರೆ ಲೋಡ್ ಆವರೇಜ್ (ಸರ್ವರಿನ ಕೆಲ್ಸದ ಒತ್ತಡ) ಗ್ರಾಫು, ಮತ್ತೆ ಈಗ ಓಡ್ತಿರೋ ಪ್ರೋಸೆಸ್‌ಗಳನ್ನ ತೋರ್ಸೋ ಟಾಪ್ ಕಮಾಂಡು. ರಾತ್ರಿ ಗ್ರಾಫ್ ಮೇಲಕ್ಕೆ ಚಿಮ್ಮೋದು, ಟಾಪಲ್ಲಿ ನೋಡಿದ್ರೆ ಸಾಲಾಗಿ ಅಪಾಚೆ ಅಪಾಚೆ ಅಪಾಚೆ, ಎಲ್ಲದರ ಯೂಸರೂ ಅದೇ ವೆಬ್ ಯೂಸರ್ರು. ಮಧ್ಯಾಹ್ನ ಮಾತ್ರ ಗ್ರಾಫ್ ನೆಲಕ್ಕೇ ಅಂಟ್ಕೊಂಡಿರೋದು, ಸಿಪಿಯು ಖಾಲಿ, ಹಂಗಾಗಿ ಫೋನ್ ಮಾಡ್ದೋರಿಗೆಲ್ಲ ಹುಡುಗ "ಸರ್, ಸರ್ವರ್ ಆರಾಮಾಗಿದೆ, ನಿಮ್ ನೆಟ್ಟಲ್ಲೇ ಏನೋ ಪ್ರಾಬ್ಲಂ, ಒಂದ್ಸಲ ರೂಟರ್ ಆಫ್ ಮಾಡಿ ಆನ್ ಮಾಡಿ" ಅಂತಿದ್ದ. ಅವನ ತಪ್ಪೇನಿಲ್ಲ, ಗ್ರಾಫ್ ಹೇಳಿದ್ದನ್ನ ಹೇಳ್ದ. ಆದ್ರೆ ಲಿನಕ್ಸಲ್ಲಿ ಲೋಡ್ ಆವರೇಜ್ ಲೆಕ್ಕಕ್ಕೆ ಬರೋದು ಸಿಪಿಯುಗಾಗಿ ಸಾಲಲ್ಲಿರೋ ಪ್ರೋಸೆಸ್‌ಗಳು ಮತ್ತೆ ಡಿಸ್ಕ್ ಥರದ್ದಕ್ಕೆ ಎಬ್ಬಿಸೋಕಾಗದ ನಿದ್ದೆಯಲ್ಲಿ ಕಾಯ್ತಿರೋವು ಮಾತ್ರ, ಹೊರಗಿನ ಯಾವ್ದೋ ಸರ್ವರಿಂದ ಉತ್ತರ ಬರ್ಲಿ ಅಂತ ನೆಟ್‌ವರ್ಕ್ ಮೇಲೆ ಕಾದು ಕೂತಿರೋವು ಅದ್ರಲ್ಲಿ ಬರಲ್ಲ. ನೂರೈವತ್ತು ಪ್ರೋಸೆಸ್ ಸುಮ್ನೆ ಕೂತಿದ್ರೂ ಲೋಡ್ ಸೊನ್ನೆ ಹತ್ರಾನೇ ಇರಬಹುದು.

ನಾನು ನೋಡೋಕೆ ಮುಂಚೆ ಆಗಿದ್ದು

ಮೊದ್ಲು ರ್‍ಯಾಮ್ ಜಾಸ್ತಿ ಮಾಡ್ಸಿದ್ರು, 4ರಿಂದ 8 ಜಿಬಿಗೆ. ರ್‍ಯಾಮ್ ಇದ್ಯಲ್ಲ ಅಂತ ಅದರ ಜೊತೆಗೆ ಅಪಾಚೆಯ ಮ್ಯಾಕ್ಸ್ ರಿಕ್ವೆಸ್ಟ್ ವರ್ಕರ್ಸ್, ಅಂದ್ರೆ ಒಟ್ಟಿಗೆ ಎಷ್ಟು ರಿಕ್ವೆಸ್ಟ್ ನೋಡ್ಕೊಳ್ಳಬಹುದು ಅನ್ನೋ ಮಿತಿ, 150 ಇದ್ದಿದ್ದನ್ನ 250 ಮಾಡಿದ್ರು. ಪಿಎಚ್‌ಪಿ ಒಳಗೇ ಇರೋ ಅಪಾಚೆ ಪ್ರೋಸೆಸ್ ಒಂದೊಂದು 60 ಎಂಬಿ ಅಂತಿಟ್ಕೊಂಡ್ರೂ 250ಕ್ಕೆ 15 ಜಿಬಿ ಆಯ್ತು, ಹಂಚ್ಕೊಂಡಿರೋ ಮೆಮೊರಿ ಒಂದಷ್ಟು ಕಳೆದ್ರೂ 8ರೊಳಗೆ ಹಿಡ್ಯಲ್ಲ, ಸ್ವಾಪಿಗೆ, ಅಂದ್ರೆ ಮೆಮೊರಿ ಬದ್ಲು ನಿಧಾನದ ಡಿಸ್ಕಿಗೆ ಹೋಯ್ತು. ಮೊದ್ಲು ಸೈಟ್ ಮಾತ್ರ ನಿಲ್ತಿತ್ತು, ಈಗ ದೂರದಿಂದ ಸರ್ವರ್ ಒಳಗೆ ಹೋಗೋ ಎಸ್‌ಎಸ್‌ಎಚ್ ಲಾಗಿನ್ನೂ ಆಗ್ದೇ ಕಂಟ್ರೋಲ್ ಪ್ಯಾನಲ್ಲಿಂದ ಸರ್ವರ್ರನ್ನೇ ರೀಬೂಟ್ ಮಾಡೋ ಹಂಗಾಯ್ತು. ವಾಪಸ್ 150.

ಆಮೇಲೆ ನ್ಯೂಸ್ ಸೈಟಿನ ಮೇಲೆ ಅನುಮಾನ. ಆಕ್ಸೆಸ್ ಲಾಗ್ ಎಣಿಸಿದ್ರೆ ಹಿಟ್ಸ್ ಅದಕ್ಕೇ ಜಾಸ್ತಿ, ಎರಡನೇ ಸ್ಥಾನದಲ್ಲಿರೋದು ಹತ್ರದಲ್ಲೂ ಇಲ್ಲ. ಓನರ್ ಅವ್ರಿಗೆ ಫೋನ್ ಮಾಡಿ "ನಿಮ್ ಸೈಟಿಂದ ಎಲ್ರಿಗೂ ತೊಂದ್ರೆ ಆಗ್ತಿದೆ, ಬೇರೆ ಕಡೆ ನೋಡ್ಕೊಳ್ಳಿ" ಅಂದ್ರು, ಅವ್ರು "ಎರಡು ವರ್ಷದಿಂದ ದುಡ್ಡು ಕಟ್ತಿದೀವಲ್ರೀ" ಅಂದ್ರು, ಮಾತಿಗೆ ಮಾತು ಬೆಳೆದು ಅವ್ರು ಬಿಟ್ಟೇ ಹೋದ್ರು. ಅವ್ರು ಹೋದ್ಮೇಲೂ ಮಧ್ಯಾಹ್ನದ್ದು ರಾತ್ರಿದ್ದು ಎರಡೂ ಹಂಗೇ ಇತ್ತು. ಒಳ್ಳೇ ಗಿರಾಕಿ ಹೋಗಿದ್ದೊಂದೇ ಬಂತು.

ಮೂರನೇದು, ಯಾರ ಸಲಹೆನೋ ಗೊತ್ತಿಲ್ಲ, ಗಂಟೆಗೊಂದ್ಸಲ ಅಪಾಚೆ ರೀಸ್ಟಾರ್ಟ್ ಮಾಡೋ ಕ್ರಾನ್ ಜಾಬ್ (ಟೈಮ್ ಪ್ರಕಾರ ತಾನಾಗೇ ಓಡೋ ಕೆಲ್ಸ). ಇದ್ರಿಂದ ರಾತ್ರಿ ಸ್ವಲ್ಪ ಹೊತ್ತು ನಿಜವಾಗ್ಲೂ ಸರಿಹೋಗೋದು, ಅದಕ್ಕೇ ಎಲ್ರಿಗೂ ಅದ್ರ ಮೇಲೆ ನಂಬಿಕೆ ಬಂದುಬಿಟ್ಟಿತ್ತು. ಆದ್ರೆ ರೀಸ್ಟಾರ್ಟ್ ಅಂದ್ರೆ ಆ ಕ್ಷಣ ಓಡ್ತಿರೋ ರಿಕ್ವೆಸ್ಟೆಲ್ಲ ಅರ್ಧಕ್ಕೇ ಕಟ್. ದೇವಸ್ಥಾನದ ಸೈಟಲ್ಲಿ ಸೇವೆಗೆ ದುಡ್ಡು ಕಟ್ಟಿ ಪೇಮೆಂಟ್ ಗೇಟ್‌ವೇ ಇಂದ ವಾಪಸ್ ಬರೋ ಹೊತ್ತಿಗೆ ಗಂಟೆ ಹೊಡೆದ್ರೆ ಅಕೌಂಟಿಂದ ದುಡ್ಡು ಹೋಗಿದೆ, ರಸೀದಿ ಬಂದಿಲ್ಲ. ಭಕ್ತರು ದೇವಸ್ಥಾನದ ಆಫೀಸಿಗೆ ಫೋನ್, ಅಲ್ಲಿನ ಕ್ಲರ್ಕು ಇವ್ರಿಗೆ ಫೋನ್. ನನ್ನನ್ನ ಕರೆಸಿದ್ದು ಆ ಹಂತದಲ್ಲಿ.

ಮೊದಲ ತಿರುವು: ರೀಸ್ಟಾರ್ಟ್ ನಿಲ್ಲಿಸೋದು

ನಾನು ಕೇಳಿದ ಮೊದಲ್ನೇದು ಆ ಕ್ರಾನ್ ತೆಗೀರಿ ಅಂತ. ಓನರ್‌ಗೆ ಭಯ, "ಸರ್ ಅದೊಂದೇ ನಮ್ಮನ್ನ ಉಳಿಸ್ತಿರೋದು, ಅದನ್ನೂ ತೆಗೆದ್ರೆ ಫೋನ್ ಸ್ವಿಚಾಫ್ ಮಾಡ್ಕೊಂಡು ಕೂರ್ಬೇಕಾಗುತ್ತೆ" ಅಂದ್ರು. ಅದು ಉಳಿಸ್ತಿಲ್ಲ, ಕಳ್ಳ ಬಂದು ಹೋದ ಜಾಗನ ಗಂಟೆಗೊಂದ್ಸಲ ಗುಡಿಸಿ ಒರೆಸ್ತಿದೆ ಅಂತ ಹೇಳ್ದೆ. ಪ್ರೋಸೆಸ್ ಸತ್ತ ಮೇಲೆ ಅದು ಯಾರು, ಯಾವಾಗ ಶುರುವಾಯ್ತು, ಯಾವ ಫೋಲ್ಡರಲ್ಲಿ ಕೂತಿತ್ತು ಅನ್ನೋದೆಲ್ಲ ಅದರ ಜೊತೆಗೇ ಹೋಗುತ್ತೆ. ಕೊನೆಗೆ ಒಪ್ಪಿದ್ದು ಹೀಗೆ: ಆಟೋಮ್ಯಾಟಿಕ್ ರೀಸ್ಟಾರ್ಟ್ ಬೇಡ, ತೀರಾ ಆಗ್ಲಿಲ್ಲ ಅಂದ್ರೆ ಹುಡುಗ ಕೈಯಲ್ಲೇ ಮಾಡ್ಲಿ, ಆದ್ರೆ ಅದಕ್ಕೆ ಮುಂಚೆ ಒಂದು ಸಣ್ಣ ಸ್ಕ್ರಿಪ್ಟ್ ಓಡಿಸಿ ಆ ಕ್ಷಣದ ಪ್ರೋಸೆಸ್ ಲಿಸ್ಟು, ನೆಟ್‌ವರ್ಕ್ ಕನೆಕ್ಷನ್ನು, ಅಪಾಚೆ ಸ್ಟೇಟಸ್ಸು ಮೂರನ್ನೂ ಟೈಮ್ ಹಾಕಿ ಫೈಲಿಗೆ ಬರೆದಿಡ್ಬೇಕು. ರೀಸ್ಟಾರ್ಟ್ ಬದ್ಲು ಗ್ರೇಸ್‌ಫುಲ್, ಓಡ್ತಿರೋ ರಿಕ್ವೆಸ್ಟ್ ಮುಗಿಸೋಕೆ ಬಿಡುತ್ತೆ ಅದು. ದೇವಸ್ಥಾನದ ರಸೀದಿ ಗಲಾಟೆ ಅಲ್ಲಿಗೇ ನಿಂತು ಹೋಯ್ತು.

ಓನರ್ ಆಗ್ಲೇ ಒಂದು ಪೇಯ್ಡ್ ಮಾನಿಟರಿಂಗ್ ಟೂಲಿನ ಕೊಟೇಶನ್ ತರಿಸಿ ಇಟ್ಕೊಂಡಿದ್ರು. ಅದು ಬೇಡ ಅಂದೆ. ಟೂಲ್ ಕೆಟ್ಟದಂತಲ್ಲ, ಎಲ್ಲಾ ಒಂದೇ ಯೂಸರಲ್ಲಿ ಓಡ್ತಿರೋವಾಗ ಎಂಥಾ ಟೂಲ್ ಹಾಕಿದ್ರೂ ಅದು ತೋರ್ಸೋದು ವೆಬ್ ಯೂಸರ್ 98 ಪರ್ಸೆಂಟ್ ಅಂತಾನೇ, ಟಾಪಲ್ಲಿ ಕಪ್ಪು ಬಿಳುಪಲ್ಲಿ ಕಂಡಿದ್ದು ಇಲ್ಲಿ ಬಣ್ಣದಲ್ಲಿ ಕಾಣುತ್ತೆ ಅಷ್ಟೇ.

ಎಷ್ಟು ಸಲ ಅಲ್ಲ, ಎಷ್ಟು ಹೊತ್ತು

ಅಪಾಚೆಯ ಮಾಮೂಲಿ ಲಾಗ್ ಫಾರ್ಮ್ಯಾಟಲ್ಲಿ ಯಾರು ಬಂದ್ರು, ಏನು ಕೇಳಿದ್ರು, ಎಷ್ಟು ಬೈಟ್ಸ್ ಹೋಯ್ತು ಇರುತ್ತೆ, ಎಷ್ಟು ಹೊತ್ತು ತಗೊಂಡ್ತು ಅನ್ನೋದೇ ಇರಲ್ಲ. ಲಾಗ್ ಫಾರ್ಮ್ಯಾಟಿಗೆ ಪರ್ಸೆಂಟ್ ವಿ ಅಂದ್ರೆ ಸೈಟಿನ ಹೆಸರು, ಪರ್ಸೆಂಟ್ ದೊಡ್ಡ ಡಿ ಅಂದ್ರೆ ಮೈಕ್ರೋಸೆಕೆಂಡಲ್ಲಿ ಹಿಡಿದ ಹೊತ್ತು, ಇವೆರಡು ಸೇರಿಸಿದ್ವಿ. ಆಕ್ ಕಮಾಂಡಲ್ಲಿ ಸೈಟ್ ಪ್ರಕಾರ ಕೂಡಿಸಿದ್ರೆ ಲಿಸ್ಟ್ ತಲೆಕೆಳಗಾಯ್ತು. ಹಿಟ್ಸಲ್ಲಿ ಎಲ್ಲೋ ಮಧ್ಯದಲ್ಲಿದ್ದ ಅಡಿಕೆ ಮಂಡಿ ಸೈಟು ಹೊತ್ತಿನ ಲೆಕ್ಕದಲ್ಲಿ ಒಂದನೇ ನಂಬರು. ಬಿಟ್ಟು ಹೋದ ನ್ಯೂಸ್ ಸೈಟಿನ ಪೇಜುಗಳು ಕ್ಯಾಶ್ ಪ್ಲಗಿನ್ನಿಂದ (ಒಮ್ಮೆ ಮಾಡಿಟ್ಟ ಪೇಜನ್ನೇ ಮತ್ತೆ ಕೊಡೋದು) ಬರ್ತಿದ್ವು, ಎಷ್ಟೇ ಹಿಟ್ಸ್ ಬಂದ್ರೂ ಅಂಥವು ಹೊತ್ತಿನ ಲಿಸ್ಟಲ್ಲಿ ಮೇಲೆ ಬರೋದು ಕಷ್ಟ.

ಇಲ್ಲೊಂದು ಸೂಕ್ಷ್ಮ ಇದೆ. ಅಪಾಚೆ ಲಾಗ್ ಬರೆಯೋದು ರಿಕ್ವೆಸ್ಟ್ ಮುಗಿದ ಮೇಲೆ. ಇನ್ನೂ ನೇತಾಡ್ತಿರೋದು ಲಾಗಲ್ಲಿ ಇರೋದೇ ಇಲ್ಲ, ಮಧ್ಯದಲ್ಲಿ ಪ್ರೋಸೆಸ್ಸನ್ನ ಕೊಂದ್ರೆ ಯಾವತ್ತೂ ಬರೋದೂ ಇಲ್ಲ. ಅಂದ್ರೆ ಅತೀ ಕೆಟ್ಟ ರಿಕ್ವೆಸ್ಟ್‌ಗಳೇ ಲಾಗಿಂದ ತಪ್ಪಿಸ್ಕೊಳ್ಳೋದು, ಗಂಟೆಗೊಂದು ರೀಸ್ಟಾರ್ಟ್ ಇದ್ದಾಗಂತೂ ಕೇಳೋದೇ ಬೇಡ.

ಈಗ ಏನು ಓಡ್ತಿದೆ ಅಂತ ನೋಡೋಕೆ ಅಪಾಚೆಯಲ್ಲೇ ಮಾಡ್ ಸ್ಟೇಟಸ್ ಅಂತ ಇದೆ. ಒಂದೊಂದು ವರ್ಕರ್ರೂ ಯಾವ ಸೈಟಿನ ಯಾವ ಯುಆರ್‌ಎಲ್ ಮಾಡ್ತಿದೆ, ರಿಕ್ವೆಸ್ಟ್ ಶುರುವಾಗಿ ಎಷ್ಟು ಸೆಕೆಂಡಾಯ್ತು, ಎಲ್ಲಾ ಒಂದು ಪೇಜಲ್ಲಿ. ಅದನ್ನ ಲೋಕಲ್‌ಹೋಸ್ಟ್‌ಗೆ, ಅಂದ್ರೆ ಸರ್ವರ್ ಒಳಗಿಂದ ಕೇಳೋರಿಗೆ ಮಾತ್ರ ಬಿಟ್ವಿ, ಹೊರಗೆ ತೆರೆದಿಟ್ರೆ ಯಾರ್ಯಾರೋ ಗಿರಾಕಿಗಳ ಯುಆರ್‌ಎಲ್ಲು, ಅದ್ರಲ್ಲಿರೋ ಟೋಕನ್ನು ಎಲ್ಲಾ ಊರಿಗೆ ಕಾಣುತ್ತೆ. ಸರಿ, ಮಧ್ಯಾಹ್ನ ಸೈಟ್ ನಿಂತಾಗ ಹುಡುಗ ಸ್ಟೇಟಸ್ ಪೇಜ್ ತೆಗೀತಾನೆ, ಅದೂ ಓಪನ್ ಆಗ್ತಿಲ್ಲ! ಆಗಲ್ಲ, ಯಾಕಂದ್ರೆ ಆ ಪೇಜ್ ಕೊಡೋಕೂ ಒಂದು ಖಾಲಿ ವರ್ಕರ್ ಬೇಕು, 150ಕ್ಕೆ 150ರೂ ತುಂಬಿದ್ರೆ ಸ್ಟೇಟಸ್ಸೂ ಸಾಲಲ್ಲೇ ನಿಲ್ಲುತ್ತೆ. ಎರರ್ ಲಾಗಲ್ಲಿ ಮ್ಯಾಕ್ಸ್ ರಿಕ್ವೆಸ್ಟ್ ವರ್ಕರ್ಸ್ ಮುಟ್ಟಿತು ಅನ್ನೋ ಸಾಲು ದಿನಾ ಬಿದ್ದಿತ್ತು, ನೋಡಿರ್ಲಿಲ್ಲ ಯಾರೂ. ಹಂಗಾಗಿ ನಿಮಿಷಕ್ಕೊಂದ್ಸಲ ಸ್ಟೇಟಸ್ ಪೇಜನ್ನ ಕರ್ಲ್ ಕಮಾಂಡಲ್ಲಿ ಎಳೆದು ಫೈಲಿಗೆ ಹಾಕೋ ಕ್ರಾನ್ ಇಟ್ವಿ. ಪೂರ್ತಿ ನಿಂತ ನಿಮಿಷದ ಫೈಲ್ ಖಾಲಿ, ಆದ್ರೆ ಅದರ ಹಿಂದಿನ ನಿಮಿಷದ್ದು ಸಿಕ್ತು, ಅದ್ರಲ್ಲಿ ನೂರಕ್ಕೂ ಮೇಲೆ ಸಾಲು ಅಡಿಕೆ ಮಂಡಿ ಸೈಟಿನ ಹೋಮ್ ಪೇಜು, ಒಂದೊಂದು 30 ಸೆಕೆಂಡು, 45 ಸೆಕೆಂಡು, 58 ಸೆಕೆಂಡು, ಹಿಂಗೆ.

ಮಧ್ಯಾಹ್ನದ್ದು ಯಾವ ಸೈಟು ಅಂತ ಗೊತ್ತಾಯ್ತು, ಯಾಕೆ ಅಂತ ಇನ್ನೂ ಗೊತ್ತಿಲ್ಲ. ಆದ್ರೆ ರಾತ್ರಿಯ ಫೈಲ್ ತೆಗೆದ್ರೆ ವಿಚಿತ್ರ, ಲೋಡು ಇಪ್ಪತ್ತರ ಮೇಲಿದೆ, ಅಪಾಚೆ ವರ್ಕರ್‌ಗಳು ಮುಕ್ಕಾಲು ಪಾಲು ಖಾಲಿ ಕೂತಿದಾವೆ.

ರಾತ್ರಿಯ ಅಪಾಚೆ

ಟಾಪಲ್ಲಿ ಮಾತ್ರ ಹತ್ತಾರು ಅಪಾಚೆ ಸಿಪಿಯು ತಿಂತಿದೆ. ಸ್ಟೇಟಸ್ ಪೇಜಿನ ಪಿಐಡಿ (ಪ್ರೋಸೆಸ್ ನಂಬರು) ಮತ್ತೆ ಟಾಪಿನ ಪಿಐಡಿ ಪಕ್ಕ ಪಕ್ಕ ಇಟ್ಟು ನೋಡಿದಾಗ ತಾಳೆ ಆಗ್ಲಿಲ್ಲ. ಸಿಪಿಯು ತಿಂತಿರೋ ಪಿಐಡಿಗಳು ಅಪಾಚೆಯ ಸ್ವಂತ ಲಿಸ್ಟಲ್ಲಿ ಇರ್ಲೇ ಇಲ್ಲ. ಪೇರೆಂಟ್ ಪಿಐಡಿ (ತಾಯಿ ಪ್ರೋಸೆಸ್ಸಿನ ನಂಬರು) ನೋಡಿದ್ರೆ 1, ಅಂದ್ರೆ ಸಿಸ್ಟಮಿನ ಮೊದಲ ಪ್ರೋಸೆಸ್, ಅಸಲಿ ಅಪಾಚೆ ಮರಿಗಳಿಗೆ ತಾಯಿ ಅಪಾಚೆ ಪ್ರೋಸೆಸ್ಸೇ ಪೇರೆಂಟ್ ಆಗಿರ್ಬೇಕು.

ಓಡ್ತಿರೋ ಪ್ರೋಗ್ರಾಮಿಗೆ ತನ್ನ ಹೆಸರನ್ನ ಬದಲಾಯಿಸ್ಕೊಳ್ಳೋಕೆ ಬರುತ್ತೆ, ಪರ್ಲ್ ಭಾಷೆಯಲ್ಲಂತೂ ಒಂದೇ ಸಾಲಿನ ಕೆಲ್ಸ, ಪ್ರೋಸೆಸ್ ಪಟ್ಟಿ ಕೊಡೋ ಪಿಎಸ್ಸು, ಟಾಪು ತೋರ್ಸೋದು ಆ ಬದಲಾಯಿಸಿದ ಹೆಸರನ್ನೇ. ಸುಳ್ಳು ಹೇಳೋಕೆ ಕಷ್ಟ ಇರೋದು ಪ್ರಾಕ್ ಡೈರೆಕ್ಟರಿಯೊಳಗೆ, ಅಲ್ಲಿ ಪ್ರೋಸೆಸ್‌ಗಳ ಮಾಹಿತಿ ಕೊಡೋದು ಕರ್ನಲ್ (ಲಿನಕ್ಸಿನ ತಿರುಳು). ಆ ಪಿಐಡಿಯ ಫೋಲ್ಡರಲ್ಲಿ ಇಎಕ್ಸ್‌ಇ ಅನ್ನೋ ಲಿಂಕು (ನಿಜವಾಗಿ ಓಡ್ತಿರೋ ಪ್ರೋಗ್ರಾಮ್ ಯಾವ್ದು ಅನ್ನೋದು) ಕರ್ನಲ್ಲೇ ಕೊಡೋದು, ಅದು ಅಪಾಚೆ ಕಡೆ ತೋರಿಸ್ಬೇಕಿತ್ತು, ತೋರ್ಸಿದ್ದು ಪರ್ಲ್ ಕಡೆಗೆ. ಅದು ಕೂತಿರೋ ಫೋಲ್ಡರ್ ಹೇಳೋ ಸಿಡಬ್ಲ್ಯೂಡಿ ಲಿಂಕು ತೋರ್ಸಿದ್ದು ಟೆಂಪ್ ಫೋಲ್ಡರು. ತೆರೆದಿರೋ ಫೈಲು, ಕನೆಕ್ಷನ್ ತೋರ್ಸೋ ಎಲ್‌ಎಸ್‌ಒಎಫ್ ಹಾಕಿದ್ರೆ ಹೊರಗಿನ ಎಲ್ಲೆಲ್ಲಿದೋ ಮೇಲ್ ಸರ್ವರ್‌ಗಳ ಪೋರ್ಟ್ 25ಕ್ಕೆ ಸಾಲು ಸಾಲು ಕನೆಕ್ಷನ್. ಸ್ಪ್ಯಾಮ್.

ಹುಡುಗ ತಕ್ಷಣ ಕಿಲ್ ಹೊಡೆಯೋಕೆ ಹೋದ, ತಡೆದ್ವಿ. ಕಿಲ್ ಬದ್ಲು ಸ್ಟಾಪ್ ಸಿಗ್ನಲ್ ಕಳಿಸಿದ್ರೆ ಪ್ರೋಸೆಸ್ ಅಲ್ಲೇ ಮರಗಟ್ಟಿ ನಿಲ್ಲುತ್ತೆ, ಮೇಲ್ ಹೋಗೋದು ನಿಲ್ಲುತ್ತೆ, ಪ್ರಾಕಲ್ಲಿರೋ ಮಾಹಿತಿ ಎಲ್ಲಾ ಹಂಗೇ ಇರುತ್ತೆ. ನನ್ನ ಪ್ರಕಾರ ಇಡೀ ಕೇಸಲ್ಲಿ ತಗೊಂಡ ಒಳ್ಳೇ ನಿರ್ಧಾರ ಇದೇ. ಅವನು ಟೆಂಪ್ ಫೋಲ್ಡರ್ ತೆಗೆದು ನೋಡ್ದ, "ಅಣ್ಣ ಇಲ್ಲೇನೂ ಇಲ್ಲ, ಡಿಲೀಟ್ ಮಾಡ್ಬಿಟ್ಟಿದಾರೆ" ಅಂದ. ಡಿಲೀಟ್ ಆಗಿರ್ಲಿಲ್ಲ. ಉಬುಂಟುವಲ್ಲಿ ಸರ್ವಿಸ್‌ಗಳನ್ನ ನಡೆಸೋ ಸಿಸ್ಟಂಡಿ ಅಪಾಚೆಗೆ ಪ್ರೈವೇಟ್ ಟೆಂಪ್ ಕೊಡುತ್ತೆ, ಅಪಾಚೆಯಿಂದ ಹುಟ್ಟಿದ್ದಕ್ಕೆ ಕಾಣೋ ಟೆಂಪೇ ಬೇರೆ, ಎಸ್‌ಎಸ್‌ಎಚ್‌ನಲ್ಲಿ ಬಂದ ನಮಗೆ ಕಾಣೋ ಟೆಂಪೇ ಬೇರೆ. ಪ್ರಾಕಲ್ಲಿ ಆ ಪಿಐಡಿಯ ರೂಟ್ ಲಿಂಕ್ ಮೂಲಕ ಒಳಗೆ ಹೋದ್ರೆ ಅದರ ಕಣ್ಣಲ್ಲಿ ಕಾಣೋ ಟೆಂಪ್ ಸಿಗುತ್ತೆ, ಅಲ್ಲಿ ಸ್ಕ್ರಿಪ್ಟೂ ಇತ್ತು, ಇಮೇಲ್ ಅಡ್ರೆಸ್‌ಗಳ ದೊಡ್ಡ ಪಟ್ಟಿನೂ ಇತ್ತು. ಸಿಸ್ಟಂಡಿ ಗುಂಪಿನ ಲೆಕ್ಕದಲ್ಲೂ ಈ ಪರ್ಲ್ ಅಪಾಚೆ ಸರ್ವಿಸ್ ಗುಂಪಲ್ಲೇ ಕೂತಿತ್ತು. ಗಂಟೆಗೊಂದು ರೀಸ್ಟಾರ್ಟ್ ಮಾಡಿದಾಗ ರಾತ್ರಿ ಯಾಕೆ ಸರಿಹೋಗ್ತಿತ್ತು ಅನ್ನೋದೂ ಇಲ್ಲೇ ಬಿಡಿಸ್ಕೊಂಡಿತು, ಸರ್ವಿಸ್ ರೀಸ್ಟಾರ್ಟ್ ಆದ್ರೆ ಸಿಸ್ಟಂಡಿ ಆ ಗುಂಪಲ್ಲಿರೋದನ್ನೆಲ್ಲ ಕೊಲ್ಲುತ್ತೆ, ಇದೂ ಸಾಯ್ತಿತ್ತು, ಒಂದಷ್ಟು ಹೊತ್ತಿಗೆ ಯಾರೋ ಮತ್ತೆ ಎಬ್ಬಿಸ್ತಿದ್ರು.

ಎಬ್ಬಿಸ್ತಿದ್ದದ್ದು ಯಾವ ಸೈಟ್ ಮೂಲಕ? ಇಲ್ಲಿ ಮತ್ತೆ ಅದೇ ಗೋಡೆ. ಯೂಸರ್ ನೋಡಿದ್ರೆ ವೆಬ್ ಯೂಸರ್, ನಲವತ್ತರಲ್ಲಿ ಯಾವ್ದು ಬೇಕಾದ್ರೂ ಆಗಬಹುದು. ಪ್ರೋಸೆಸ್ ಶುರುವಾದ ನಿಖರ ಸಮಯ ಪಿಎಸ್ ಕೊಡುತ್ತೆ, ಅದನ್ನ ಹಿಡ್ಕೊಂಡು ನಲವತ್ತು ಸೈಟಿನ ಆಕ್ಸೆಸ್ ಲಾಗಲ್ಲೂ ಆ ಸೆಕೆಂಡಿನ ಆಚೆ ಈಚೆ ಬಂದ ಪೋಸ್ಟ್ ರಿಕ್ವೆಸ್ಟ್ (ಸೈಟಿಗೆ ಏನಾದ್ರೂ ಕಳಿಸೋ ರಿಕ್ವೆಸ್ಟ್) ಹುಡುಕಿದ್ವಿ. ಒಂದು ಕಲ್ಯಾಣ ಮಂಟಪಕ್ಕೆ ಅಂತ ಯಾವತ್ತೋ ಮಾಡಿದ ಡೆಮೊ ಸೈಟು, ಆ ಗಿರಾಕಿ ದುಡ್ಡೂ ಕೊಡ್ಲಿಲ್ಲ ಸೈಟೂ ಲೈವ್ ಆಗ್ಲಿಲ್ಲ, ಹಳೇ ಪ್ಲಗಿನ್‌ಗಳ ಸಮೇತ ಹಂಗೇ ಮೂಲೆಯಲ್ಲಿ ಬಿದ್ದಿತ್ತು. ಅದರ ಅಪ್‌ಲೋಡ್ಸ್ ಫೋಲ್ಡರಲ್ಲಿ, ಫೋಟೋ ಇರ್ಬೇಕಾದ ಜಾಗದಲ್ಲಿ ಒಂದು ಪಿಎಚ್‌ಪಿ ಫೈಲು, ಅದಕ್ಕೆ ಪೋಸ್ಟು. ಹಳೇ ದಿನಗಳ ಲಾಗಲ್ಲೂ ರಾತ್ರಿ ಹೊತ್ತಲ್ಲಿ ಅದೇ ಫೈಲಿಗೆ ಪೋಸ್ಟ್ ಬಂದಿತ್ತು. ಸೈಟ್ ತೆಗೆದ್ವಿ, ಪ್ರೋಸೆಸ್ ಕೊಂದ್ವಿ, ಇಡೀ ಸರ್ವರಲ್ಲಿ ಅಪ್‌ಲೋಡ್ಸ್ ಒಳಗೆ ಪಿಎಚ್‌ಪಿ ಓಡದ ಹಾಗೆ ಅಪಾಚೆಯಲ್ಲಿ ನಿಲ್ಲಿಸಿದ್ವಿ. ಆದ್ರೆ ಎಲ್ಲಾ ಒಂದೇ ಯೂಸರ್ ಆದ್ದರಿಂದ ಆ ಸ್ಕ್ರಿಪ್ಟಿಗೆ ಉಳಿದ ಸೈಟುಗಳ ಕಾನ್ಫಿಗ್ ಫೈಲೂ, ಅದ್ರಲ್ಲಿರೋ ಡೇಟಾಬೇಸ್ ಪಾಸ್‌ವರ್ಡೂ ಓದೋಕೆ ಅಡ್ಡಿ ಇರ್ಲಿಲ್ಲ. ಓದಿದ್ಯೋ ಇಲ್ವೋ ಹೇಳೋಕೆ ದಾರಿನೇ ಇಲ್ಲ, ಓದಿದೆ ಅಂತಾನೇ ಲೆಕ್ಕ ಹಾಕಿ ಎಲ್ಲಾ ಪಾಸ್‌ವರ್ಡೂ ಬದಲಾಯಿಸೋ ಕೆಲ್ಸ ಹುಡುಗನ ತಲೆಗೆ ಬಿತ್ತು.

ಎರಡನೇ ತಿರುವು: ಒಬ್ಬೊಬ್ಬರಿಗೂ ಅವರವರ ಹೆಸರು

ಕಳ್ಳ ಸಿಕ್ಕ ಅಂತ ಓನರ್ ಖುಷಿಯಾದ್ರು, ಇನ್ನು ಮಂಡಿ ಸೈಟಿನವ್ರಿಗೆ ಹೇಳಿದ್ರೆ ಮುಗೀತು ಅಂದ್ರು. ಮಂಡಿ ಸೈಟ್ ಮಾಡಿದ ಫ್ರೀಲ್ಯಾನ್ಸರ್‌ಗೆ ಫೋನ್ ಹೋಯ್ತು. ಅವ್ನ ಉತ್ತರ, "ಸರ್, ಆ ಕೋಡ್ ಮುಟ್ಟಿ ಎರಡು ವರ್ಷ ಆಯ್ತು, ಆವಾಗಿಂದ ಚೆನ್ನಾಗೇ ಓಡ್ತಿದೆ, ನಿಮ್ ಸರ್ವರೇ ಸರಿಯಿಲ್ಲ." ನ್ಯೂಸ್ ಸೈಟಿನ ಜೊತೆ ಆದ ಜಗಳ ಇನ್ನೂ ಹಸಿಯಾಗಿತ್ತು, ಓನರ್‌ಗೆ ಈ ಸಲ ಜಾಸ್ತಿ ಒತ್ತಿ ಹೇಳೋ ಧೈರ್ಯ ಬರ್ಲಿಲ್ಲ.

ಅಲ್ಲಿಗೆ ನಿರ್ಧಾರ ಆಯ್ತು, ಮಾಡ್ಯೂಲ್ ಪಿಎಚ್‌ಪಿ ತೆಗೆದು ಪಿಎಚ್‌ಪಿ-ಎಫ್‌ಪಿಎಂಗೆ (ಅಪಾಚೆಯಿಂದ ಹೊರಗೆ ಬೇರೆಯಾಗೇ ಓಡೋ ಪಿಎಚ್‌ಪಿ) ಹೋಗೋದು, ಸೈಟಿಗೊಂದು ಲಿನಕ್ಸ್ ಯೂಸರು, ಯೂಸರಿಗೊಂದು ಪೂಲ್ (ಅವನದ್ದೇ ಪಿಎಚ್‌ಪಿ ಪ್ರೋಸೆಸ್‌ಗಳ ಗುಂಪು). 2010ರಲ್ಲಿ ಪಿಎಚ್‌ಪಿ 5.3.3ರಿಂದಾನೇ ಎಫ್‌ಪಿಎಂ ಪಿಎಚ್‌ಪಿ ಜೊತೆಗೇ ಬರ್ತಿದೆ, ಹೊಸದೇನಲ್ಲ. ನಲವತ್ತು ಪೂಲ್ ಅಂದ್ರೆ ಮೆಮೊರಿ ಸಾಲುತ್ತಾ ಅನ್ನೋ ಪ್ರಶ್ನೆ ಬಂತು, ಅದಕ್ಕೆ ಆನ್‌ಡಿಮ್ಯಾಂಡ್ ಮೋಡ್, ಯಾರೂ ಬರದ ಸೈಟಿನ ಪೂಲಲ್ಲಿ ಪ್ರೋಸೆಸ್ಸೇ ಇರಲ್ಲ, ಬಂದಾಗ ಹುಟ್ಟುತ್ತೆ, 10 ಸೆಕೆಂಡ್ ಕೆಲ್ಸ ಇಲ್ಲ ಅಂದ್ರೆ ಸಾಯುತ್ತೆ. ಒಂದೊಂದು ಪೂಲಿಗೆ ಮ್ಯಾಕ್ಸ್ ಚಿಲ್ಡ್ರನ್ 5, ಅಂದ್ರೆ ಒಟ್ಟಿಗೆ ಐದೇ ಪ್ರೋಸೆಸ್. ರಿಕ್ವೆಸ್ಟ್ ಟರ್ಮಿನೇಟ್ ಟೈಮೌಟ್ 30 ಸೆಕೆಂಡು (ಅದಕ್ಕಿಂತ ಜಾಸ್ತಿ ಹಿಡಿದ್ರೆ ಕಟ್), ದೇವಸ್ಥಾನದ ಪೂಲಿಗೆ ಮಾತ್ರ ಜಾಸ್ತಿ.

ಕೆಲ್ಸ ಸುಲಭ ಇರ್ಲಿಲ್ಲ. ಹಳೇ ಫೈಲ್‌ಗಳು ಅರ್ಧ ಎಫ್‌ಟಿಪಿ ಯೂಸರ್ ಹೆಸರಲ್ಲಿ ಅರ್ಧ ವೆಬ್ ಯೂಸರ್ ಹೆಸರಲ್ಲಿ, ಬದಲಾಯಿಸಿದ ತಕ್ಷಣ ಯಾವ್ದೋ ಸೈಟಲ್ಲಿ ಫೋಟೋ ಅಪ್‌ಲೋಡ್ ಆಗಲ್ಲ, ಇನ್ಯಾವ್ದೋ ಸೈಟಲ್ಲಿ ಕ್ಯಾಶ್ ಬರೆಯೋಕಾಗಲ್ಲ. ಎಲ್ಲೆಲ್ಲಿ 777 (ಯಾರು ಬೇಕಾದ್ರೂ ಓದಿ ಬರೀಬಹುದು) ಪರ್ಮಿಷನ್ ಕೊಟ್ಟು ಕಾಲ ತಳ್ಳಿದ್ರು ಅನ್ನೋದು ಆವಾಗ ಗೊತ್ತಾಯ್ತು. ಒಂದೇ ರಾತ್ರಿಯಲ್ಲಿ ಎಲ್ಲಾ ಮಾಡೋ ಯೋಚನೆ ಬಿಟ್ಟು ಗುಂಪು ಗುಂಪಾಗಿ, ಮೊದ್ಲು ಯಾರೂ ಕೇಳದ ಸೈಟುಗಳು, ಕೊನೆಗೆ ದೇವಸ್ಥಾನ ಮತ್ತೆ ಸೊಸೈಟಿ. ಮಂಡಿ ಸೈಟನ್ನ ಮಾತ್ರ ಮೊದಲ ಗುಂಪಲ್ಲೇ ಹಾಕಿದ್ವಿ. ಪಿಎಚ್‌ಪಿ ಪೂರ್ತಿ ಹೊರಗೆ ಬಂದ್ಮೇಲೆ ಅಪಾಚೆನ ಪ್ರೀಫೋರ್ಕಿಂದ ಇವೆಂಟ್ ಮೋಡಿಗೆ ಹಾಕಿ ವರ್ಕರ್ ಲಿಮಿಟ್ ಏರಿಸಿದ್ವಿ, ಇದು ಮುಖ್ಯ, ಯಾಕಂದ್ರೆ ಪೂಲ್ ತುಂಬಿದಾಗ ಸಾಲಲ್ಲಿ ಕಾಯೋ ರಿಕ್ವೆಸ್ಟ್ ಅಪಾಚೆ ಕಡೆನೂ ಒಂದೊಂದು ಜಾಗ ಹಿಡ್ಕೊಂಡಿರುತ್ತೆ, ಪೂಲ್ ಬೇರೆ ಮಾಡಿ ಅಪಾಚೆ ಲಿಮಿಟ್ ಹಂಗೇ ಬಿಟ್ರೆ ಒಬ್ಬನಿಂದ ಎಲ್ರೂ ನಿಲ್ಲೋದು ಪೂರ್ತಿ ತಪ್ಪಲ್ಲ.

ಆಮೇಲೆ ಎಫ್‌ಪಿಎಂನ ಸ್ಲೋ ಲಾಗ್. 5 ಸೆಕೆಂಡ್ ದಾಟಿದ ರಿಕ್ವೆಸ್ಟ್ ಆ ಕ್ಷಣ ಯಾವ ಫೈಲಿನ ಎಷ್ಟನೇ ಸಾಲಲ್ಲಿ, ಯಾವ ಫಂಕ್ಷನಲ್ಲಿ ನಿಂತಿದೆ ಅಂತ ಬರೆದಿಡುತ್ತೆ. ಮಾರನೇ ಮಧ್ಯಾಹ್ನಕ್ಕೇ ಉತ್ತರ ಸಿಕ್ತು. ಮಂಡಿ ಹೋಮ್ ಪೇಜಲ್ಲಿ ಮೇಲ್ಗಡೆ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆ ಬಗೆಗಳ ದಿನದ ರೇಟ್ ಓಡೋ ಪಟ್ಟಿ ಇದೆ, ಪ್ರತಿಯೊಬ್ಬ ಪೇಜ್ ತೆಗೆದಾಗ್ಲೂ ಆ ರೇಟನ್ನ ಇನ್ನೊಂದು ಸೈಟಿಂದ ಫೈಲ್ ಗೆಟ್ ಕಂಟೆಂಟ್ಸ್ ಅನ್ನೋ ಪಿಎಚ್‌ಪಿ ಫಂಕ್ಷನ್ ಹಾಕಿ ಎಳ್ಕೊಂಡು ಬರ್ತಿತ್ತು. ಟೈಮೌಟ್ ಕೊಟ್ಟಿಲ್ಲ, ಹಂಗಾಗಿ ಪಿಎಚ್‌ಪಿಯ ಡೀಫಾಲ್ಟ್ ಸಾಕೆಟ್ ಟೈಮೌಟು, 60 ಸೆಕೆಂಡ್. ರೇಟ್ ಬರೋ ಹೊತ್ತಿಗೆ ಎಲ್ರೂ ಒಟ್ಟಿಗೆ ನೋಡ್ತಾರೆ, ಆ ಇನ್ನೊಂದು ಸೈಟೂ ಅದೇ ಹೊತ್ತಿಗೆ ಏದುಸಿರು ಬಿಡ್ತಿರುತ್ತೆ, ಅದು ಉತ್ತರ ಕೊಡೋವರೆಗೂ ಇಲ್ಲಿ ಒಂದೊಂದು ವರ್ಕರ್ ಒಂದು ನಿಮಿಷದ ತನಕ ಕೂತು ಕಾಯುತ್ತೆ. ಪಿಎಚ್‌ಪಿಯ ಮ್ಯಾಕ್ಸ್ ಎಕ್ಸಿಕ್ಯೂಶನ್ ಟೈಮ್ 30 ಸೆಕೆಂಡ್ ಇದ್ಯಲ್ಲ, ಅದ್ಯಾಕೆ ಕಟ್ ಮಾಡ್ಲಿಲ್ಲ ಅಂತ ಹುಡುಗ ಕೇಳ್ದ, ಒಳ್ಳೇ ಪ್ರಶ್ನೆ. ಲಿನಕ್ಸಲ್ಲಿ ಆ ಲೆಕ್ಕಕ್ಕೆ ಸ್ಕ್ರಿಪ್ಟ್ ತಾನೇ ಓಡಿದ ಹೊತ್ತು ಮಾತ್ರ ಸೇರೋದು, ಹೊರಗಿನದಕ್ಕೆ, ಡೇಟಾಬೇಸಿಗೆ ಕಾದ ಹೊತ್ತು ಸೇರಲ್ಲ. ಎಫ್‌ಪಿಎಂನ ಟರ್ಮಿನೇಟ್ ಟೈಮೌಟ್ ಗಡಿಯಾರ ನೋಡುತ್ತೆ, ಅದಕ್ಕೇ ಅದು ಬೇಕಾಗೋದು.

ಫೈಲಿನ ಹೆಸರು, ಸಾಲಿನ ನಂಬರು ಎರಡನ್ನೂ ಫ್ರೀಲ್ಯಾನ್ಸರ್‌ಗೆ ವಾಟ್ಸಾಪ್ ಮಾಡಿದ್ವಿ. ವಾದನೇ ಇಲ್ಲ, "ಓ ಹೌದಲ್ವಾ ಸರ್, ಇವತ್ತೇ ನೋಡ್ತೀನಿ" ಅಂತ ಬಂತು. ಈಗ ಕಾಲು ಗಂಟೆಗೊಂದ್ಸಲ ಕ್ರಾನ್ ಓಡಿ 5 ಸೆಕೆಂಡ್ ಟೈಮೌಟಲ್ಲಿ ರೇಟ್ ತಂದು ಒಂದು ಫೈಲಲ್ಲಿಡುತ್ತೆ, ಪೇಜ್ ಆ ಫೈಲನ್ನ ಓದುತ್ತೆ ಅಷ್ಟೇ. ಸಿಗ್ಲಿಲ್ಲ ಅಂದ್ರೆ ಹಳೇ ಫೈಲನ್ನ ಮುಟ್ಟಲ್ಲ. ಮಂಡಿಯವ್ರು ಮೊದ್ಲು ಒಪ್ಲಿಲ್ಲ, ಹಳೇ ರೇಟ್ ತೋರ್ಸಿದ್ರೆ ರೈತರು ಬಂದು ಗಲಾಟೆ ಮಾಡ್ತಾರೆ ಅಂತ. ರೇಟಿನ ಪಕ್ಕ ತಾರೀಕು ಟೈಮು ಹಾಕೋದು ಅಂತಾದ್ಮೇಲೆ ಸರಿ ಅಂದ್ರು.

ಹೆಸರು ಬಂದ ಮೇಲೆ ಕಂಡದ್ದು

ಟಾಪು ಈ ಕ್ಷಣದ್ದು ಮಾತ್ರ ತೋರ್ಸೋದು, ಅರ್ಧ ಸೆಕೆಂಡಲ್ಲಿ ಹುಟ್ಟಿ ಸಾಯೋದು ಕಣ್ಣಿಗೇ ಬೀಳಲ್ಲ. ಅದಕ್ಕೆ ಪ್ರೋಸೆಸ್ ಅಕೌಂಟಿಂಗ್ ಹಾಕಿದ್ವಿ, ಆಕ್ಟ್ ಅನ್ನೋ ಪ್ಯಾಕೇಜು, ಮುಗಿದು ಹೋದ ಕಮಾಂಡ್‌ಗಳನ್ನೂ ಕರ್ನಲ್ ಬರೆದಿಡುತ್ತೆ, ಯೂಸರ್ ಪ್ರಕಾರ ಸಿಪಿಯು ಮೊತ್ತ ಕೊಡುತ್ತೆ. ಇದು ಹಳೇ ಸೆಟಪ್ಪಲ್ಲೂ ಹಾಕಬಹುದಿತ್ತು, ಆದ್ರೆ ಬರೋದು ಒಂದೇ ಸಾಲು. ಈಗ ಸೈಟಿಗೊಂದು ಸಾಲು. ಒಂದು ಶಾಲೆ ಸೈಟಿನ ಬ್ಯಾಕಪ್ ಪ್ಲಗಿನ್ ದಿನಾ ಇಡೀ ಸೈಟನ್ನ ಜಿಪ್ ಮಾಡಿ ಅದೇ ಡಿಸ್ಕಲ್ಲೇ ಗುಡ್ಡೆ ಹಾಕ್ತಿದೆ ಅನ್ನೋದು ಇದ್ರಲ್ಲಿ ಸಿಕ್ತು. ಹೊರಗಿನ ಪೋರ್ಟ್ 25ನ್ನ ಐಪಿಟೇಬಲ್ಸ್ ಫೈರ್‌ವಾಲಲ್ಲಿ ಮೇಲ್ ಸರ್ವಿಸ್ಸಿನ ಯೂಸರಿಗೆ ಬಿಟ್ಟು ಉಳಿದೋರಿಗೆಲ್ಲ ಮುಚ್ಚಿದ್ವಿ, ಯಾವ ಯೂಸರ್ ಪ್ರಯತ್ನ ಪಟ್ರೂ ಆ ಯೂಸರಿನ ನಂಬರ್ ಸಮೇತ ಲಾಗ್ ಬೀಳುತ್ತೆ.

ಆದ್ರೆ ನೋಡೋಕೆ ಸುಲಭ ಆಗಿದ್ದು ನಮಗೆ ಮಾತ್ರ ಅಲ್ಲ. ಫ್ರೀಲ್ಯಾನ್ಸರ್‌ಗಳಿಗೆ ಈಗ ಅವರವರ ಎಸ್‌ಎಸ್‌ಎಚ್ ಲಾಗಿನ್ ಕೊಟ್ಟಾಗಿತ್ತು, ಅವ್ರು ಪಿಎಸ್ ಹೊಡೆದ್ರೆ ಎಲ್ಲಾ ಗಿರಾಕಿಗಳ ಪ್ರೋಸೆಸ್ಸೂ ಕಮಾಂಡ್ ಸಮೇತ ಕಾಣುತ್ತೆ. ಸೊಸೈಟಿ ಸೈಟಿನ ಕ್ರಾನ್ ಜಾಬಲ್ಲಿ ಎಸ್‌ಎಂಎಸ್ ಕಳಿಸೋ ಗುಟ್ಟಿನ ಕೀನ ಯುಆರ್‌ಎಲ್ ಒಳಗೇ ಹಾಕಿ ಕರ್ಲ್ ಓಡಿಸ್ತಿದ್ರು, ಓಡೋ ಅಷ್ಟು ಹೊತ್ತು ಅದು ಎಲ್ರಿಗೂ ಓದೋ ಹಾಗೆ. ಪ್ರಾಕನ್ನ ಹೈಡ್‌ಪಿಐಡಿ 2 ಹಾಕಿ ಮೌಂಟ್ ಮಾಡಿದ್ವಿ, ಅವರವರ ಪ್ರೋಸೆಸ್ ಅವರವರಿಗೆ ಮಾತ್ರ ಕಾಣುತ್ತೆ. ಹಾಕಿದ ಮೇಲೆ ಹುಡುಗ "ಅಣ್ಣ, ನಂಗೂ ಏನೂ ಕಾಣ್ತಿಲ್ಲ" ಅಂದ, ಮೌಂಟಲ್ಲಿ ಜಿಐಡಿ ಆಪ್ಶನ್ (ಎಲ್ಲಾ ನೋಡಬಹುದಾದ ಗ್ರೂಪ್ ಯಾವ್ದು ಅನ್ನೋದು) ಕೊಟ್ಟು ಅವನನ್ನ ಆ ಗ್ರೂಪಿಗೆ ಸೇರಿಸಿದ್ವಿ. ಆ ಕೀನೂ ಕಾನ್ಫಿಗ್ ಫೈಲಿಗೆ ಹೋಯ್ತು.

ಓನರ್ ಈಗ ಯೂಸರ್ ಪ್ರಕಾರ ಸಿಪಿಯು ಲೆಕ್ಕ ನೋಡಿ ಬಿಲ್ ಮಾಡ್ತೀನಿ ಅಂತಿದ್ದಾರೆ, ಅದು ನಂಗೆ ಅಷ್ಟು ಸರಿ ಅನಿಸ್ಲಿಲ್ಲ, ಮಂಡಿ ಸೈಟ್ ಎಲ್ರನ್ನೂ ನಿಲ್ಲಿಸಿದ ದಿನಗಳಲ್ಲೂ ಅದರ ಸಿಪಿಯು ಲೆಕ್ಕ ಹತ್ರ ಹತ್ರ ಸೊನ್ನೆನೇ ಇತ್ತು. ಬಾಕಿ ಇರೋ ದೊಡ್ಡ ಕೆಲ್ಸ ಡೇಟಾಬೇಸು. ಪಾಸ್‌ವರ್ಡ್ ಬದಲಾಯಿಸೋವಾಗ ಗೊತ್ತಾಗಿದ್ದು, ಹತ್ತಾರು ಸೈಟು ಒಂದೇ ಮೈಎಸ್‌ಕ್ಯುಎಲ್ ಯೂಸರಲ್ಲಿ ಓಡ್ತಿದೆ, ಪ್ರೋಸೆಸ್‌ಲಿಸ್ಟ್ ಹಾಕಿದ್ರೆ ಎಲ್ಲಾ ಸಾಲಲ್ಲೂ ಅದೇ ಹೆಸರು, ಆ ಯೂಸರಿಗೆ ಎಲ್ಲಾ ಡೇಟಾಬೇಸಿನ ಮೇಲೂ ಪೂರ್ತಿ ಪರ್ಮಿಷನ್ನು. ಹುಡುಗ ವಾರಕ್ಕೆ ಒಂದಷ್ಟು ಸೈಟಿನ ಲೆಕ್ಕದಲ್ಲಿ ಅದನ್ನೂ ಬೇರೆ ಮಾಡ್ತಿದಾನೆ, ಸ್ಲೋ ಕ್ವೆರಿ ಲಾಗ್ ಅದಾದ ಮೇಲೆ ಆನ್ ಮಾಡೋದು ಅಂತ ಇಟ್ಕೊಂಡಿದೀವಿ.